ಬೀಸುಕಲ್ಲಿನ ಓವರ್‌ಹಾಲ್

ಮಂಕಿಯ ಹೆದ್ದಾರಿ ಪಕ್ಕದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮಹಾದೇವನಿಗೆ ಬಿಚ್ಚಿ ಜೋಡಿಸಲಾರದ ವಸ್ತು ಈ ಭೂಮಂಡಲದಲ್ಲೇ ಇಲ್ಲ. ಇದು ಅವನದೇ ಅಭಿಪ್ರಾಯ; ಅದನ್ನು ಅವನು ಯಾರಿಂದಲೂ ಮುಚ್ಚಿಟ್ಟವನಲ್ಲ. ಮೀನು ಲಾರಿಯೊಂದು ಅರ್ಧ ಕಿಲೋಮೀಟರು ದೂರದಲ್ಲಿ ಕೆಮ್ಮಿದರೂ, ಅದಕ್ಕೆ ಯಾವ ರೋಗ ಎಂದು ಕುಳಿತಲ್ಲೇ ಹೇಳುತ್ತಾನೆ, ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೇ ಹೇಳುತ್ತಾನೆ. ಹೀಗಿರುವಾಗ ಹೆಂಡತಿ ಮಾಲಿನಿ ಒಂದು ಬೆಳಿಗ್ಗೆ ಚಹಾ ಕೊಡುತ್ತ, ತನ್ನ ತವರಿನ ಹಳೆಯ ಬೀಸುಕಲ್ಲನ್ನು ಸರಿಮಾಡಿ ಕೊಡುವವರು ಯಾರಾದರೂ ಸಿಗಬಹುದೇ ಎಂದು ಕೇಳಿದರೆ ಅವನಿಗೆ ಅವಮಾನವಾಗದೆ ಇರುತ್ತದೆಯೇ?

“ಎರಡು ಕಲ್ಲು, ನಡುವೆ ಒಂದು ಗೂಟ,” ಎಂದ. “ಹತ್ತು ಚಕ್ರದ ಲಾರಿ ಬಿಚ್ಚಿದಂವಂಗೆ ಇದೆಂತ ದೊಡ್ಡದು? ಕಲ್ಲು ತಕಂಡ್ ಬಾ, ಓವರ್‌ಹಾಲ್ ಮಾಡಿ ಕೊಡ್ತೆ.”

ಮಾಲಿನಿ ಆ ಕಲ್ಲನ್ನು ಕೇಳಿದ್ದಕ್ಕೆ ಕಾರಣವಿತ್ತು. ಎರಡು ವಾರ ಕಳೆದರೆ ಹೊನ್ನಾವರದಲ್ಲಿ ಮಹಿಳಾ ಸಂಘಗಳ ಮೇಳ. ಅವಳ ಸಂಘದ ಹನ್ನೊಂದು ಹೆಂಗಸರು ಮೂರು ವರ್ಷ ಅಲ್ಲಿ ಮಾವಿನ ಉಪ್ಪಿನಕಾಯಿ ಇಟ್ಟು, ಎಡಕ್ಕೂ ಬಲಕ್ಕೂ ಎದುರಿಗೂ ಮಾವಿನ ಉಪ್ಪಿನಕಾಯಿಯೇ ಇದ್ದದ್ದರಿಂದ ಯಾರ ಕಣ್ಣಿಗೂ ಬೀಳದೆ ಮನೆಗೆ ಮರಳಿದ್ದರು. ಈ ಸಲ ಬೀಸುಕಲ್ಲಿನಲ್ಲಿ ಬೀಸಿದ ರಾಗಿ ಹಿಟ್ಟು ಇಡೋಣ ಎಂದವಳು ಮಾಲಿನಿ. ಕಲ್ಲು ಎಲ್ಲಿದೆ ಎಂದು ಉಳಿದವರು ಕೇಳಿದಾಗ, ನಮ್ಮಮ್ಮನದ್ದು ಇದೆ ಎಂದವಳೂ ಅವಳೇ. ಅವಳ ತಾಯಿ ಲಕ್ಕಿ ಕಾಸರಕೋಡದಲ್ಲಿ ಗಂಡ ಸತ್ತ ಮೇಲೆ ಊರವರ ರಾಗಿ, ಅಕ್ಕಿ ಬೀಸಿ ಕೊಟ್ಟು ಮೂರು ಮಕ್ಕಳನ್ನು ಸಾಕಿದ್ದು ಆ ಕಲ್ಲಿನಿಂದ. ತಾಯಿ ಹೋಗಿ ಐದು ವರ್ಷವಾಗಿತ್ತು. ಸಂಘದವರು ಅವತ್ತೇ ಬ್ಯಾನರು ಬರೆಯಲು ಕೊಟ್ಟರು.

ಗಂಡ ಹೆಂಡತಿ ಕಲ್ಲು ತರಲು ಕಾಸರಕೋಡಕ್ಕೆ ಹೋದರೆ ಅಲ್ಲಿ ಅರ್ಧ ಕಲ್ಲು ಮಾತ್ರ ಇತ್ತು. ಕೆಳಗಿನ ಕಲ್ಲು ಉಪ್ಪುಮೀನಿನ ಡ್ರಮ್ಮಿನ ಅಡಿಯಲ್ಲಿ ಕುಳಿತಿತ್ತು. ಮೇಲಿನ ಕಲ್ಲು ಎಲ್ಲಿ ಎಂದು ಕೇಳಿದ್ದಕ್ಕೆ ಮಾಲಿನಿಯ ತಮ್ಮ ತಲೆ ಕೆರೆದುಕೊಂಡು, ಅದು ಸದ್ಯ ನೀರಿನಲ್ಲಿದೆ ಎಂದ. ನಡುವೆ ತೂತಿರುವ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ಕಲ್ಲನ್ನು ಕಂಡರೆ ದೋಣಿಯವನಿಗೆ ಬೇರೆ ಏನು ತಾನೆ ಹೊಳೆದೀತು? ಅವನು ತೂತಿಗೆ ಹಗ್ಗ ಪೋಣಿಸಿ ಅದನ್ನು ದೋಣಿಯ ಲಂಗರು ಮಾಡಿಕೊಂಡಿದ್ದ. ನಾಲ್ಕು ವರ್ಷ ಅಳಿವೆಯ ಉಪ್ಪುನೀರು ಕುಡಿದ ಕಲ್ಲಿಗೆ ಮೈತುಂಬ ಚಿಪ್ಪು ಕಟ್ಟಿತ್ತು. ಮಾಲಿನಿ ತಮ್ಮನನ್ನು ಬಯ್ಯಲು ಬಾಯಿ ತೆರೆದಳು. ಮಹಾದೇವ ನಡುವೆ ಬಂದು, ಬದಲಿಗೆ ಲಾರಿಯ ಹಳೆಯ ಗೇರುಚಕ್ರವೊಂದನ್ನು ಕೊಡುವುದಾಗಿ ಮಾತುಕೊಟ್ಟು ಕಲ್ಲನ್ನು ಬಿಡಿಸಿಕೊಂಡ. ದಾರಿಯುದ್ದಕ್ಕೂ ಮಾಲಿನಿ ಒಂದೇ ಮಾತು ಹೇಳಿದಳು: ಚಿಪ್ಪು ಮಾತ್ರ ಕೆರೆದು ತೆಗೆಯಿರಿ, ಬೇರೆ ಏನೂ ಮಾಡಬೇಡಿ. ಟೆಂಪೋದ ಸದ್ದಿನಲ್ಲಿ ಅವನಿಗೆ ಕೇಳಿಸಿದ್ದು ‘ಚಿಪ್ಪು’ ಒಂದೇ.

ಅವತ್ತು ಮಧ್ಯಾಹ್ನದಿಂದ ಗ್ಯಾರೇಜಿನಲ್ಲಿ ಲಾರಿಗಳೆಲ್ಲ ಸಾಲುಗಟ್ಟಿ ಕಾದವು. ಮಹಾದೇವ ಮೊದಲು ಉಳಿ ಹಿಡಿದು ಚಿಪ್ಪು ಕೆರೆದ. ಕೈ ನೋಯಿತು. ಕರೆಂಟಿನ ಕೈ ಗ್ರೈಂಡರ್ ಇರುವಾಗ ಈ ಪುರಾತನ ಶಿಕ್ಷೆ ಯಾಕೆಂದು ಅದನ್ನು ಹಚ್ಚಿದ. ಚಿಪ್ಪು ಹೋಯಿತು. ಚಿಪ್ಪಿನ ಅಡಿಯಲ್ಲಿ ಒರಟೊರಟಾಗಿ ಗೀರು, ಗುಳಿ ಕಂಡವು. ಸವೆದ ಕಲ್ಲು, ಪಾಪ, ಎಂದುಕೊಂಡು ಅವನ್ನೂ ಉಜ್ಜಿದ. ಆಮೇಲೆ ಸಣ್ಣ ಚಕ್ರ ಹಾಕಿ ಇನ್ನೊಂದು ಸುತ್ತು. ಮರುದಿನ ಸಂಜೆಗೆ ಎರಡು ಕಲ್ಲುಗಳೂ ಹೇಗೆ ಹೊಳೆದವೆಂದರೆ, ಬಗ್ಗಿ ನೋಡಿ ಮೀಸೆ ತಿದ್ದಿಕೊಳ್ಳಬಹುದಾಗಿತ್ತು. ಅವನು ತಿದ್ದಿಕೊಂಡ ಕೂಡ.

ಇನ್ನು ಗೂಟ. ಮರದ ಗೂಟದ ಮೇಲೆ ಕಲ್ಲು ತಿರುಗುವುದೆಂದರೆ ಅವನಿಗೆ ನಾಚಿಕೆಯ ವಿಷಯ. ಟೆಂಪೋ ಚಕ್ರದ ಒಂದು ಬೇರಿಂಗು ಹುಡುಕಿ, ಕಬ್ಬಿಣದ ಗೂಟ ಬೆಸೆದು, ಮೇಲಿನಿಂದ ಧಾರಾಳವಾಗಿ ಗ್ರೀಸು ಮೆತ್ತಿದ. ಒಂದು ಬೆರಳಿನಿಂದ ದೂಡಿದರೆ ಕಲ್ಲು ಫ್ಯಾನಿನಂತೆ ತಿರುಗಿತು. ಲಾರಿ ಡ್ರೈವರುಗಳು ಚಪ್ಪಾಳೆ ತಟ್ಟಿದರು.

ಮನೆಯ ಜಗುಲಿಯಲ್ಲಿ ಪರೀಕ್ಷೆಯಾಯಿತು. ಸಂಘದ ನಾಲ್ಕು ಹೆಂಗಸರು ಬಂದು ಕುಳಿತರು. ಮಾಲಿನಿ ಕಲ್ಲಿನ ಬಾಯಿಗೆ ಒಂದು ಮುಷ್ಟಿ ರಾಗಿ ಹಾಕಿ ಹಿಡಿ ತಿರುಗಿಸಿದಳು. ರಾಗಿ ಒಳಗೆ ಹೋಯಿತು, ಸುತ್ತ ಹೊರಗೆ ಬಂತು. ಹೋದ ಹಾಗೆಯೇ ಬಂತು. ವ್ಯತ್ಯಾಸವೆಂದರೆ ಗ್ರೀಸು ತಾಗಿ ಸ್ವಲ್ಪ ಕಪ್ಪಾಗಿ, ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು. ಒಂದು ಕಾಳೂ ಒಡೆದಿರಲಿಲ್ಲ.

ಸ್ಪೀಡು ಸಾಲದು ಎಂದು ಮಹಾದೇವ ತೀರ್ಪು ಕೊಟ್ಟ. ತಾನೇ ಕುಳಿತು ಎರಡೂ ಕೈಯಿಂದ ತಿರುಗಿಸಿದ. ಹತ್ತನೆಯ ಸುತ್ತಿಗೆ ಬೇರಿಂಗು ಟಣ್ಣೆಂದಿತು. ಮೇಲಿನ ಕಲ್ಲು ಗೂಟದಿಂದ ಜಿಗಿದು, ಜಗುಲಿಯ ಅಂಚಿನಿಂದ ಅಂಗಳಕ್ಕೆ ಇಳಿದು, ಚಕ್ರದಂತೆ ನೆಟ್ಟಗೆ ನಿಂತು ಉರುಳಿತು. ಬೇಲಿ ಮುರಿಯಿತು. ಪಕ್ಕದ ಮನೆಯ ಶ್ರೀಮತಿಯಕ್ಕ ಬಟ್ಟೆ ಒಣಹಾಕುತ್ತಿದ್ದವಳು ಸೀರೆ ಎತ್ತಿ ಹಾರಿದಳು. ಬಟ್ಟೆಯ ಹಗ್ಗದ ಕಂಬ ಬಿತ್ತು, ಕೋಳಿಗಳು ತೆಂಗಿನ ಕಟ್ಟೆ ಹತ್ತಿದವು, ಕಲ್ಲು ಗೊಬ್ಬರದ ಗುಂಡಿಯಲ್ಲಿ ಹೋಗಿ ಶಾಂತವಾಗಿ ಮಲಗಿತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಹಾದೇವನೂ ನಕ್ಕ.

ಮಾಲಿನಿ ನಗಲಿಲ್ಲ. ಗುಂಡಿಗೆ ಇಳಿದು, ಕಲ್ಲಿನ ಮೈಯನ್ನು ಸೆರಗಿನಿಂದ ಒರೆಸಿ, ಅಂಗೈಯನ್ನು ಅದರ ಮೇಲೆ ಒಮ್ಮೆ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

“ಇದ್ರಲ್ಲಿ ಹಲ್ಲಿತ್ತು,” ಎಂದಳು. “ಆ ಹಲ್ಲಿಂದಲೇ ಕಾಳು ನುರಿಯೂದು. ಅಮ್ಮ ನಿಂತು ಹೊಡೆಸಿದ್ದು. ಎಲ್ಲಾ ಹೋತು.”

ಅವಳು ಬೈದಿದ್ದರೆ ಮಹಾದೇವ ಬದುಕಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಬೈಗುಳಕ್ಕೆ ಅವನ ಬಳಿ ಉತ್ತರಗಳ ದಾಸ್ತಾನೇ ಇತ್ತು. ಅವಳು ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ತಾನು ಸವಕಳಿ ಎಂದು ಉಜ್ಜಿ ತೆಗೆದದ್ದೇ ಕಲ್ಲಿನ ಜೀವವಾಗಿತ್ತು ಎಂದು ಆಗ ಅವನಿಗೆ ತಿಳಿಯಿತು.

ಮರುದಿನ ಗ್ಯಾರೇಜಿಗೆ ಬೀಗ ಹಾಕಿ ಬೈಕು ಹತ್ತಿದ. ಮೊದಲು ಭಟ್ಕಳ. ಅಲ್ಲಿಯ ಕಲ್ಲಿನ ಅಂಗಡಿಯವರು ಅವನ ಮೊಬೈಲಿನಲ್ಲಿ ಎರಡು ಕಲ್ಲಿನ ಫೋಟೋ ನೋಡಿ, ಪಾಲಿಶ್ ಬಹಳ ಚೆನ್ನಾಗಿ ಬಂದಿದೆ, ಯಾರು ಮಾಡಿದ್ದು ಎಂದು ಮೆಚ್ಚಿಕೊಂಡರು. ಅವನು ಬೈಕು ತಿರುಗಿಸಿದ. ಹೊನ್ನಾವರದ ಪೇಟೆಯಲ್ಲಿ ಕೇಳಿದವರೆಲ್ಲ, ಕಲ್ಲಿಗೆ ಹಲ್ಲು ಹೊಡೆಯುವವನು ಮೊದಲು ಬರುತ್ತಿದ್ದ, ಈಗ ಸತ್ತಿದ್ದಾನೆ ಎಂದರು. ಕೊನೆಗೆ ಮೂರನೆಯ ದಿನ ಒಬ್ಬ ಮೀನು ಮಾರುವವಳು, ಸತ್ತವನ ಹೆಂಡತಿ ಸುಬ್ಬಿ ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಾಳೆಂದೂ, ಗಂಡನ ಜೊತೆ ಊರೂರು ತಿರುಗಿ ಅವಳೂ ಉಳಿ ಹಿಡಿದವಳೆಂದೂ ಹೇಳಿದಳು.

ಸುಬ್ಬಿಗೆ ಎಪ್ಪತ್ತು ದಾಟಿತ್ತು. ಅಬ್ಬಲಿಗೆ ಹೂವಿನ ದಂಡೆ ಕಟ್ಟುತ್ತ ಅವನ ಕಥೆಯನ್ನು ಪೂರ್ತಿ ಕೇಳಿದಳು. ಕೈ ನಡುಗುತ್ತದೆ, ತನ್ನಿಂದಾಗದು ಎಂದಳು. ಲಕ್ಕಿಯ ಕಲ್ಲು ಎಂದಾಗ ಮಾತ್ರ ದಂಡೆ ಕಟ್ಟುವುದು ನಿಂತಿತು. ಕಾಸರಕೋಡದ ಲಕ್ಕಿ ತನಗೆ ಎಷ್ಟೋ ಸಲ ಗಂಜಿ ಬಡಿಸಿದ್ದಾಳೆ ಎಂದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಮನೆಗೆ ಹೋಗಿ ಉಳಿಯ ಚೀಲ ತಂದು, ಬೈಕಿನ ಹಿಂದೆ ಕುಳಿತೇಬಿಟ್ಟಳು.

ಜಗುಲಿಯಲ್ಲಿ ಕಲ್ಲನ್ನು ನೋಡಿದ ಸುಬ್ಬಿ ಅದರ ಮೈಯನ್ನು ಉಗುರಿನಿಂದ ಗೀರಿ ನೋಡಿದಳು. ಆಮೇಲೆ ಮಾಲಿನಿಯ ಕಡೆ ತಿರುಗಿ, ಇದನ್ನು ಹೀಗೆ ಮಾಡಿದವರು ಯಾರೆಂದು ಕೇಳಿದಳು. ಯಾರೋ ಗೊತ್ತಿಲ್ಲದವರು ಮಾಡಿದ್ದು ಎಂದಳು ಮಾಲಿನಿ, ಗಂಡನ ಮುಖ ನೋಡದೆ. ಮೂರು ದಿನದಿಂದ ಅವನ ಜೊತೆ ಸರಿಯಾಗಿ ಮಾತಾಡಿರದವಳು ಹೊರಗಿನವರ ಎದುರು ಅವನನ್ನು ಬಿಟ್ಟುಕೊಡಲಿಲ್ಲ. ಅದು ಮಹಾದೇವನಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

“ನಾನೇ ಮಾಡಿದ್ದು, ಸುಬ್ಬಕ್ಕ,” ಎಂದ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಕಥೆಯಲ್ಲಿ ಈ ಒಂದು ಭಾಗವನ್ನು ಅವನು ಬಿಟ್ಟಿದ್ದ.

“ಹಾಂಗಾರೆ ನೀನೇ ಕೂಕೊ, ತಮಾ,” ಎಂದಳು ಸುಬ್ಬಿ. “ಕೈ ನಿಂದು, ಕಿವಿ ನಂದು.”

ಎರಡು ದಿನ ಹಗಲೆಲ್ಲ ಅವನು ಚಕ್ಕಳಮಕ್ಕಳ ಹಾಕಿ ಕುಳಿತ. ಸುಬ್ಬಿ ಸುಣ್ಣದಲ್ಲಿ ನಡುವಿನಿಂದ ಅಂಚಿಗೆ ಗೆರೆ ಎಳೆದು ಕೊಟ್ಟಳು. ಆ ಗೆರೆಯ ಮೇಲೆ ಸಾಲಾಗಿ, ಜೋಳದ ಕಾಳಿನಷ್ಟು ದೂರಕ್ಕೆ ಒಂದರಂತೆ, ಉಳಿಯಿಂದ ಸಣ್ಣ ಕಚ್ಚು ಹೊಡೆಯಬೇಕು. ಗಟ್ಟಿಯಾಗಿ ಹೊಡೆದರೆ ಕಲ್ಲು ಸಿಡಿಯುತ್ತದೆ, ಮೆಲ್ಲಗೆ ಹೊಡೆದರೆ ಹಲ್ಲು ಏಳುವುದಿಲ್ಲ. ಮೊದಲ ಒಂದು ಗಂಟೆಯಲ್ಲಿ ಅವನು ಕಲ್ಲಿಗಿಂತ ಹೆಚ್ಚು ಸಲ ತನ್ನ ಹೆಬ್ಬೆರಳಿಗೆ ಹೊಡೆದ. ಸುಬ್ಬಿ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ನಿದ್ದೆ ಬಂತೇನೋ ಎಂದುಕೊಂಡು ಅವನು ನಾಲ್ಕು ಪೆಟ್ಟು ಹಾರಿಸಿದ. ಅಲ್ಲಿ ನಾಲ್ಕು ಬಾಕಿ ಅದೆ ಎಂದಿತು ಗೋಡೆಯ ಕಡೆಯ ದನಿ. ಆಮೇಲೆ ಒಂದು ಪೆಟ್ಟಿಗೆ, ಅದು ಖಾಲಿ ಬಿತ್ತು ಎಂದಳು. ನೋಡಿದರೆ ನಿಜವಾಗಿಯೂ ಅಲ್ಲಿ ಹಲ್ಲು ಎದ್ದಿರಲಿಲ್ಲ. ಮಹಾದೇವ ಉಳಿ ಕೆಳಗಿಟ್ಟು ಅವಳನ್ನೇ ನೋಡಿದ. ಲಾರಿಯ ಕೆಮ್ಮು ಕೇಳಿ ರೋಗ ಹೇಳುವವನು ಅವನು. ಈ ಕಿವಿ ಎಂಥದ್ದೆಂದು ಮಂಕಿಯಲ್ಲಿ ಅವನಿಗಲ್ಲದೆ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಅಲ್ಲಿಂದ ಮುಂದೆ ಅವನು ಒಂದು ಪೆಟ್ಟೂ ಹಾರಿಸಲಿಲ್ಲ.

ಬೇರಿಂಗನ್ನು ಸುಬ್ಬಿ ಮುಟ್ಟಲೂ ಇಲ್ಲ. ಕಾಲಿನಿಂದ ಅಂಗಳಕ್ಕೆ ದೂಡಿದಳು. ಗಟ್ಟಿಮರದ ಗೂಟ ಕೆತ್ತಿಸಿ, ಬುಡಕ್ಕೆ ಬಟ್ಟೆ ಸುತ್ತಿ, ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟಳು. ಆರು ತಿಂಗಳಿಗೊಮ್ಮೆ ಹಲ್ಲು ಹೊಡೆಯಬೇಕು ಎಂದು ಹೇಳಿ ಒಂದು ಉಳಿಯನ್ನು ಅವನ ಕೈಯಲ್ಲೇ ಇಟ್ಟಳು. ಮೂರು ಸಲ ನುಚ್ಚು ಬೀಸಿ ಚೆಲ್ಲಿ, ಕಲ್ಲಿನ ಪುಡಿ ಹೋದ ಮೇಲೆ ಬೀಸಿದ್ದನ್ನು ಮಾತ್ರ ತಿನ್ನಬೇಕು ಎಂದೂ ಹೇಳಿದಳು. ಮಹಾದೇವನಿಗೆ ಅಷ್ಟು ತಾಳ್ಮೆಯಿಲ್ಲ. ಎರಡನೆಯ ಸಲದ ಹಿಟ್ಟನ್ನು ಚೆಲ್ಲಲು ಮನಸ್ಸು ಬಾರದೆ ತಾನೇ ರೊಟ್ಟಿ ತಟ್ಟಿ ಕಚ್ಚಿದ. ಕಲ್ಲಿಗೆ ಹಲ್ಲು ಬಂದ ದಿನವೇ ಅವನ ದವಡೆಯ ಹಲ್ಲಿನ ಒಂದು ಚೂರು ಹೋಯಿತು. ಕೆನ್ನೆ ಹಿಡಿದು ಕುಳಿತವನನ್ನು ನೋಡಿ ಮಾಲಿನಿ ಒಂದು ಕ್ಷಣ ತಡೆದಳು, ಆಮೇಲೆ ತಡೆಯಲಾಗದೆ ನಕ್ಕಳು. ಐದು ದಿನದ ಮೇಲೆ ಕೇಳಿದ ಆ ನಗುವಿಗೆ ಇನ್ನೊಂದು ಹಲ್ಲು ಬೇಕಾದರೂ ಕೊಡಬಹುದು ಎನಿಸಿತು ಅವನಿಗೆ.

ನಾಲ್ಕನೆಯ ಸಲ ರಾಗಿ ಹಾಕಿದಳು. ಕಲ್ಲಿನ ಅಂಚಿನಿಂದ ಮೆತ್ತನೆಯ ಹಿಟ್ಟು ಸುರಿಯಿತು. ಮಾಲಿನಿ ಅದನ್ನು ಬೆರಳ ತುದಿಯಲ್ಲಿ ಉಜ್ಜಿ ಮೂಸಿದಳು. ಅಮ್ಮನ ಹಿಟ್ಟಿನ ಹಾಗೇ ಇದೆ ಎಂದು ಅವಳು ಹೇಳಲಿಲ್ಲ. ಸುಬ್ಬಿಯೇ ಹೇಳಿದಳು.

ಭಾನುವಾರ ಮೇಳದಲ್ಲಿ ಹತ್ತು ಗಂಟೆಗೇ ಜನ ಮುತ್ತಿದರು. ಮಳಿಗೆ ಎಷ್ಟು ಕಿರಿದೆಂದರೆ ಮುಂದೆ ಮೇಜು ಹಾಕಿದ ಮೇಲೆ ಕಲ್ಲಿಗೆ ಉಳಿದದ್ದು ಹಿಂದಿನ ನೆಲ ಮಾತ್ರ. ಹನ್ನೊಂದು ಹೆಂಗಸರೂ ಅಳೆಯುವುದು, ಕಟ್ಟುವುದು, ಕೊಡುವುದರಲ್ಲಿ ಮುಳುಗಿದರು. ಬೀಸುವವರು ಯಾರು? ಮಾಲಿನಿ ಗಂಡನನ್ನು ನೋಡಿದಳು. ಅವನು ಪ್ಯಾಂಟು ಮಡಚಿ ಮೇಜಿನ ಹಿಂದೆ ನೆಲಕ್ಕೆ ಕುಳಿತ. ಮಧ್ಯಾಹ್ನದವರೆಗೂ ಕಲ್ಲು ನಿಲ್ಲಲಿಲ್ಲ. ಹೊರಗಿನವರಿಗೆ ಅವನು ಕಾಣುತ್ತಿರಲಿಲ್ಲ. ಗುರ್‌ರ್ ಎನ್ನುವ ಸದ್ದು ಮಾತ್ರ ಒಂದೇ ಸಮನೆ ಕೇಳುತ್ತಿತ್ತು.

ಹನ್ನೆರಡೂವರೆಗೆ ಸದ್ದು ಒಮ್ಮೆ ನಿಂತಿತು. ಹಿಟ್ಟು ಕೊಳ್ಳಲು ಬಂದಿದ್ದ ಕಾಲೇಜಿನ ಮೇಡಮ್ಮೊಬ್ಬರು ಅನುಮಾನದಿಂದ ಬ್ಯಾನರು ಓದಿ, ಕೈಯಲ್ಲಿ ಬೀಸಿದ್ದು ಎಂದು ಬರೆದು ಹಿಂದೆ ಮೋಟರು ಇಟ್ಟಿದ್ದೀರಲ್ಲ, ಇದು ಸರಿಯೇ ಎಂದು ಕೇಳಿದರು.

ಮಾಲಿನಿ ಮೇಜಿನ ಬಟ್ಟೆಯನ್ನು ಸ್ವಲ್ಪ ಸರಿಸಿದಳು. ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿದ, ಬೆವರು ಒರೆಸಿಕೊಳ್ಳುತ್ತಿದ್ದ ಮಹಾದೇವ ತಲೆಯೆತ್ತಿ ನೋಡಿದ.

“ಹೌದು ಮೇಡಂ, ಮೋಟರು ಅದೆ,” ಎಂದಳು ಮಾಲಿನಿ. “ಈಗ ಸ್ವಲ್ಪ ಬಿಸಿ ಆಗ್ಯದೆ. ಒಂದು ಚಾ ಹಾಕಿದ್ರೆ ಮತ್ತೆ ತಿರುಗ್ತದೆ.”