ಐದು ಮಂದಿಗೆ ಒಬ್ಬ ಅಜ್ಜ

ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸಲು ಹೊರಟ ಮಾಸ್ತರನ ಬಾಳಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ, ನಗುವ ಉಮೇದಿಗೆ ಮಾತ್ರ ಬರ. ಮನೋಳಿಯ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶನಿವಾರದ ಕೊನೆಯ ಪೀರಿಯಡ್ಡಿಗೆ ‘ಯಾಕ?’ ಎಂದು ನಾನೇ ಹೆಸರಿಟ್ಟೆ. ಯಾರು ಏನು ಬೇಕಾದರೂ ಕೇಳಬಹುದು. ಎಷ್ಟೋ ವಾರ ಮಕ್ಕಳು ಕೇಳಿದ್ದು ಒಂದೇ: “ಸರ್, ಗಂಟಿ ಯಾವಾಗ ಹೊಡೀತಾರ್ರಿ?”

೧. ಹಿಮಾಲಯದ ನೀರು

ಒಂದು ಶನಿವಾರ ಬೇಸತ್ತು ಬೇಕಂತಲೇ ಸುಳ್ಳು ಹೇಳಿದೆ. ಮಲಪ್ರಭಾ ನದಿ ಹಿಮಾಲಯದಲ್ಲಿ ಹುಟ್ಟುತ್ತದೆ, ಬರೆದುಕೊಳ್ಳಿ ಎಂದೆ. ಕಿಟಕಿಯಲ್ಲಿ ಇಣುಕಿದರೆ ಹೊಳೆ ಕಾಣುವ ವರ್ಗ ಅದು. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಕೆಲವರು ಕೆಂಪು ಪೆನ್ನಿನಿಂದ ಅಡಿಗೆರೆಯನ್ನೂ ಎಳೆದರು. ಹಿಟ್ಟಿನ ಗಿರಣಿಯವರ ಮಗಳು ಮಾತ್ರ ಎದ್ದು ನಿಂತಳು.

“ಅಲ್ರೀ ಸರ್, ನಾ ಅವ್ವನ ಜೋಡಿ ಕಣಕುಂಬಿಗೆ ಹೋಗಿದ್ದೆ. ಹೊಳಿ ಅಲ್ಲೇ ಹುಟ್ಟತೈತಿ. ನಾ ನೋಡೇನಿ.”

ನನಗಾದ ಸಂತೋಷ ಅಷ್ಟಿಷ್ಟಲ್ಲ. ಸೋಮವಾರದವರೆಗೆ ಅದು ಬಾಳಿತು. ಸೋಮವಾರ ಅವಳ ಅಪ್ಪ ಮೈಮೇಲಿನ ಹಿಟ್ಟು ಸಹ ಝಾಡಿಸದೆ ಸಾಲೆಗೆ ಬಂದರು. ಮಗಳು ಮಾಸ್ತರರ ಮಾತನ್ನು ಸುಳ್ಳು ಅಂದಳಂತೆ, ಕ್ಷಮಿಸಬೇಕು, ಬೇಕಾದರೆ ಎರಡು ಬಾರಿಸಿ ಎಂದರು. ನಾನು ಗಾಬರಿಯಾಗಿ, ತಪ್ಪು ಹೇಳಿದವನು ನಾನು, ಖರೆ ಹೇಳಿದವಳು ಅವಳು ಎಂದೆ. ಅವರ ಕಣ್ಣು ತುಂಬಿ ಬಂದವು.

“ದೊಡ್ಡ ಮನಸ್ಸು ನಿಮ್ದು ಸರ್. ಹುಡುಗಿ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಂಡ್ರಿ.”

ಬಾಗಿಲವರೆಗೆ ಹೋದವರು ತಿರುಗಿ ಬಂದು, ಹೊಳೆ ಹಿಮಾಲಯದ್ದೇ ಇರಬೇಕು, ಇಲ್ಲದಿದ್ದರೆ ನೀರು ಅಷ್ಟು ಥಂಡಿ ಯಾಕೆ ಇರುತ್ತಿತ್ತು ಎಂದರು. ಇವರಾದರೂ ‘ಯಾಕೆ’ ಅಂದರಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡೆ.

೨. ಸಾಹೇಬರ ಭಾಷಣ

ಸಾಲೆ ನೋಡಲು ಮೇಲಿನ ಸಾಹೇಬರೊಬ್ಬರು ಬಂದರು. ಪ್ರಶ್ನೆ ಕೇಳದ ಮಗು ಕಲಿಯುವುದಿಲ್ಲ ಎಂಬ ವಿಷಯದ ಮೇಲೆ ಮಾತಾಡಿದರು, ಮಾತಾಡಿದರು, ಬಿಸಿಯೂಟದ ಸಾರು ಆರಿ ಹೋಗುವವರೆಗೂ ಮಾತಾಡಿದರು. ನೀರು ಕುಡಿಯಲು ಅವರು ನಿಲ್ಲಿಸಿದಾಗ ಗಿರಣಿಯವರ ಮಗಳು ಕೈ ಎತ್ತಿದಳು. ಹೆಡ್‌ಮಾಸ್ತರರು ಕಣ್ಣಲ್ಲೇ ಆ ಕೈ ಇಳಿಸಿದರು.

ಹೊರಡುವಾಗ ಸಾಹೇಬರು ಹೆಡ್‌ಮಾಸ್ತರರ ಬೆನ್ನು ತಟ್ಟಿದರು. “ಶಿಸ್ತು ಅಂದ್ರ ಹಿಂಗಿರಬೇಕ್ರಿ. ಅಷ್ಟೊತ್ತು ಮಾತಾಡಿದೆ, ಒಬ್ರೂ ಒಂದು ಪ್ರಶ್ನಿ ಕೇಳಲಿಲ್ಲ.”

ಆಮೇಲೆ ನಾನು ಅವಳನ್ನು ಕರೆದು, ಏನು ಕೇಳುವುದಿತ್ತು ತಂಗಿ ಎಂದೆ.

“ಊಟಕ್ಕ ಯಾವಾಗ ಬಿಡತೀರಿ ಅಂತ ಕೇಳೋದಿತ್ರಿ.”

೩. ಗಿರಣಿಯ ಕರಾರು

ಹತ್ತನೆಯ ತರಗತಿ ಮುಗಿಸಿ ಬೈಲಹೊಂಗಲದ ಕಾಲೇಜಿಗೆ ಹೋಗಬೇಕೆಂದು ಅವಳ ಆಸೆ. ಅಪ್ಪನಿಗೆ ಮನಸ್ಸಿಲ್ಲ. ಇಂಥ ಬಾಯಿಯ ಹುಡುಗಿಯನ್ನು ದಿನಾ ಬಸ್ಸು ಹತ್ತಿಸಿದರೆ ಯಾರಿಗೆ ಏನು ಅಂದು ಬರುತ್ತಾಳೋ ಎಂಬ ಹೆದರಿಕೆ. ನಾನು ಗಿರಣಿಯ ಗದ್ದಲದಲ್ಲಿ ನಿಂತು ಒದರಿ ಒದರಿ ಹೇಳಿದೆ. ಕೊನೆಗೆ ಅವರು ಗಿರಣಿ ಬಂದ್ ಮಾಡಿ, “ಈ ಬಾಯಿಂದ ಒಂದು ಬಕ್ಷೀಸು ತರಲಿ ಸರ್, ಕಳಸತೇನಿ” ಎಂದರು.

ದೇವರು ಕೊಟ್ಟಂತೆ ಸವದತ್ತಿಯಲ್ಲಿ ಭಾಷಣ ಸ್ಪರ್ಧೆ ಬಂತು. ವಿಷಯ: ಸ್ವಂತ ಯೋಚನೆಯ ಮಹತ್ವ. ನಾನು ಅವಳಿಗೆ ಒಂದು ಸಾಲನ್ನೂ ಬರೆದುಕೊಡಲಿಲ್ಲ. ಜಂಬದಿಂದ ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೂ ಬಂದೆ.

೪. ಅಜ್ಜ

ಮೊದಲ ಹುಡುಗ ವೇದಿಕೆ ಹತ್ತಿದ. ಮಾಸ್ತರರಾಗಿದ್ದ ಅವನ ಅಜ್ಜ ಸಾಯುವ ಮುನ್ನ ಅವನ ಕೈ ಹಿಡಿದು, ಯಾರ ಮಾತನ್ನೂ ಕುರುಡಾಗಿ ನಂಬಬೇಡ ಎಂದು ಹೇಳಿದ್ದರಂತೆ. ಕೇಳಿದವರು ಕಣ್ಣೊರೆಸಿಕೊಂಡರು. ಎರಡನೆಯವಳ ಅಜ್ಜನೂ ಮಾಸ್ತರ, ಅವನೂ ಕೈ ಹಿಡಿದು ಅದನ್ನೇ ಹೇಳಿ ಸತ್ತ. ಎಲ್ಲರೂ ಒಂದೇ ಗೈಡು ಬಾಯಿಪಾಠ ಮಾಡಿ ಬಂದಿದ್ದರು. ಐದನೆಯ ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನವರೇ ಅವನ ಮಾತು ಮುಗಿಸಿದರು.

ಆರನೆಯವಳು ನಮ್ಮವಳು. ನಿರ್ಣಾಯಕರಿಗೆ ಕೈ ಮುಗಿದಳು.

“ಐದು ಮಂದಿಗೆ ಒಬ್ಬನೇ ಅಜ್ಜ ಹೆಂಗ್ರಿ? ಯಾರ ಮಾತೂ ನಂಬಬ್ಯಾಡ ಅಂದ ಅಜ್ಜನ ಮಾತು ಇವರೆಲ್ಲಾ ಯಾಕ ನಂಬ್ಯಾರ?”

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಮಗಳ ಭಾಷಣ ಕೇಳಲು ಬಂದು ಹಿಂದೆ ಕೂತಿದ್ದ ಅವಳ ಅಪ್ಪ ತಲೆ ತಗ್ಗಿಸಿದ್ದನ್ನು ನೋಡಿದ ಮೇಲೆ ನನ್ನ ನಗು ನಿಂತಿತು. ಅವಳು ಮುಂದೆ ಚೆನ್ನಾಗಿಯೇ ಮಾತಾಡಿದಳು, ನಿರ್ಣಾಯಕರು ಆಗಲೇ ಪೆನ್ನು ಮುಚ್ಚಿದ್ದರು. ವಿಷಯ ಬಿಟ್ಟು ಮಾತಾಡಿದಳು, ಹಿರಿಯರ ಮೇಲೆ ಗೌರವವಿಲ್ಲ ಎಂಬುದು ಅವರ ಅಭಿಪ್ರಾಯ. ಮೊದಲ ಬಹುಮಾನ, ಅಜ್ಜನನ್ನು ಒಂದು ಅಕ್ಷರ ತಪ್ಪದೆ ಸಾಯಿಸಿದ ಹುಡುಗನಿಗೆ ಹೋಯಿತು. ಬರುವ ವರ್ಷ ಆ ಗೈಡು ನಾವೂ ತರಿಸೋಣ ಎಂದು ನಮ್ಮ ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ನಾನು ಅವಳ ಅಪ್ಪನ ಪಕ್ಕ ಕೂತೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ, ಹಾಗೆ ಕೇಳಲು ಕಲಿಸಿದವನು ನಾನು, ತಪ್ಪು ಎನ್ನುವುದಾದರೆ ಅದು ನನ್ನದು, ಕಾಲೇಜು ಮಾತ್ರ ತಪ್ಪಿಸಬೇಡಿ ಎಂದು ಬೇಡಿಕೊಂಡೆ. ಅವರ ಕಣ್ಣು ಮತ್ತೆ ತುಂಬಿ ಬಂದವು. ಬಗ್ಗಿ ನನ್ನ ಕಾಲು ಮುಟ್ಟಿದರು.

“ಹಿಮಾಲಯದ ಹೊತ್ತಿನ್ಯಾಗೂ ಹಿಂಗ ಅಂದಿದ್ರಿ ಸರ್. ಅಕಿ ತಪ್ಪು ಇನ್ನ ಎಷ್ಟು ಸಲ ನಿಮ್ಮ ಮ್ಯಾಲೆ ಹಾಕ್ಕೋತೀರಿ? ನಿಮಗ ಆ ತ್ರಾಸ ಬ್ಯಾಡ. ಅಕಿ ಗಿರಣ್ಯಾಗ ಕುಂದರಲಿ.”

ಮಗಳು ಅಲ್ಲೇ ನಿಂತಿದ್ದಳು. ಯಾಕೆ ಎಂದು ಕೇಳಲಿಲ್ಲ.