ನೀರಾನೆ ಕ್ಲಬ್ಬಿನ ಹನ್ನೆರಡು ಸಾಲು

ಲೋರೋ: ಹೋಗಿತ್ತು.

ಪಿತಿಯಾ: ಹೋಗಿರ್ಲಿಲ್ಲ.

ಲೋರೋ: ಚೆಂಡು ನಿನ್ನ ಎರಡು ಕಾಲಿನ ಮಧ್ಯೆ, ಮದುವೆ ದಿಬ್ಬಣ ಹೋದ ಹಾಗೆ ಹೋಗಿತ್ತು ಮಾರಾಯ. ಈ ಕಣ್ಣಾರೆ ನೋಡಿದ್ದೀನಿ.

ಪಿತಿಯಾ: ನೀನೆಲ್ಲಿ ನೋಡ್ದೆ? ಆಗ ನೀನು ಆ ಕಡೆ ಕೂತು ಬೂಟಿನ ದಾರ ಕಟ್ಕೊಳ್ತಿದ್ದೆ.

ಲೋರೋ: ಆಗ ನಮಗೆ ಬೂಟೇ ಇರ್ಲಿಲ್ಲವಲ್ಲೋ!

ಪಿತಿಯಾ: ಅದೇ ನಾನು ಹೇಳೋದು. ಇಲ್ಲದ ಬೂಟಿಗೆ ದಾರ ಕಟ್ತಿದ್ದೋನು ಈಗ ಸಾಕ್ಷಿ ಹೇಳೋಕೆ ಬಂದಿದ್ದಾನೆ.

ಈಚೆಗೆ ಹುಟ್ಟಿದ ದೇಶವೊಂದರ ರಾಜಧಾನಿ ಜೂಬಾ ಪಟ್ಟಣದ ಮೈದಾನದ ಪಕ್ಕ, ಬೇವಿನ ಮರದ ಕೆಳಗಿರುವ ಕಿಡೆನಳ ಚಹದಂಗಡಿಯಲ್ಲಿ ಈ ವಾದ ಅಂದು ಬೆಳಗಿನಿಂದ ನಡೆದಿತ್ತು. ಪಿತಿಯಾ ನೀರಾನೆ ಫುಟ್‌ಬಾಲ್ ಕ್ಲಬ್ಬಿನ ಹಳೆಯ ಗೋಲ್‌ಕೀಪರ್. ಲೋರೋ ಅದೇ ತಂಡದಲ್ಲಿ ಎಡಬದಿಗೆ ಆಡುತ್ತಿದ್ದವನು, ಈಗ ಕ್ಲಬ್ಬಿನ ಕಾರ್ಯದರ್ಶಿ. ದೇಶಕ್ಕಿನ್ನೂ ಮೀಸೆ ಮೂಡಿಲ್ಲ, ಕ್ಲಬ್ಬಿಗಾಗಲೇ ಹಲ್ಲು ಉದುರಿವೆ. ಜುಲೈ ಒಂಬತ್ತಕ್ಕೆ, ದೇಶದ ಹುಟ್ಟುಹಬ್ಬದಂದು, ಕ್ಲಬ್ಬಿನ ಚರಿತ್ರೆಯನ್ನು ಗೋಡೆಯ ಮೇಲೆ ಬರೆಸುವುದೆಂದು ಸಮಿತಿ ತೀರ್ಮಾನಿಸಿತ್ತು. ಕಾಗದಪತ್ರಗಳೆಲ್ಲ ಯುದ್ಧದಲ್ಲಿ ಸುಟ್ಟಿದ್ದವು. ಹಾಗಾಗಿ ಬದುಕಿರುವವರು ಸಹಿ ಹಾಕಿ ಒಪ್ಪಿದ್ದೇ ಚರಿತ್ರೆ. ಎಪ್ಪತ್ತನಾಲ್ಕರ ತಂಡದ ಹನ್ನೊಂದು ಜನರಲ್ಲಿ ಬದುಕಿದ್ದವರು ಇವರಿಬ್ಬರೇ. ಗೋಡೆಗೆ ಬರೆಸಬೇಕಾದುದರ ಕರಡು ಲೋರೋನ ಕೈಯಲ್ಲಿತ್ತು.

ಪಿತಿಯಾ: ಮೊದಲಿಂದ ಓದು.

ಲೋರೋ: ಗೋಡೇಲಿ ಹನ್ನೆರಡು ಸಾಲಿಗೆ ಜಾಗ. ಒಂದು, ಕ್ಲಬ್ಬಿನ ಹೆಸರು. ಎರಡು, ಸ್ಥಾಪಕರು. ಮೂರರಿಂದ ಏಳು, ಉಪಸ್ಥಾಪಕರು.

ಪಿತಿಯಾ: ಐದು ಜನ ಉಪಸ್ಥಾಪಕರಾ?

ಲೋರೋ: ದೇಶಕ್ಕೆ ಐದು ಜನ ಉಪಾಧ್ಯಕ್ಷರು ಇರಬಹುದು, ಕ್ಲಬ್ಬಿಗೆ ಇರಬಾರ್ದಾ? ಒಬ್ಬನ್ನ ಬಿಟ್ರೆ ಅವನ ಕಡೆಯೋರು ಹೊಸ ಕ್ಲಬ್ ಕಟ್ತಾರೆ. ಇವರನ್ನ ಒಂದು ಮೇಜಿನ ಸುತ್ತ ಕೂರಿಸೋಕೆ ಎಂಟು ಸಭೆ ಬೇಕಾಯ್ತು.

ಪಿತಿಯಾ: ಅದರಲ್ಲಿ ಮೂರನೆಯವನು ಕ್ಲಬ್ ಶುರುವಾದಾಗ ಹುಟ್ಟೇ ಇರ್ಲಿಲ್ಲ.

ಲೋರೋ: ಸಹಿ ಹಾಕೋವಾಗ ಹುಟ್ಟಿದ್ನಲ್ಲ, ಅಷ್ಟು ಸಾಕು. ಎಂಟು, ‘ಎಪ್ಪತ್ತನಾಲ್ಕರ ಅಂತಿಮ ಪಂದ್ಯದಲ್ಲಿ ಗೋಲ್‌ಕೀಪರ್ ಪಿತಿಯಾನ ಕಾಲುಗಳ ನಡುವೆ ಚೆಂಡು ನುಸುಳಿ ಮಲಕಾಲ್ ತಂಡ ಗೆದ್ದಿತು.’ ಒಂಬತ್ತು, ‘ನಂತರ ಯುದ್ಧ ನಡೆಯಿತು.’

ಪಿತಿಯಾ: ಇಪ್ಪತ್ತೆರಡು ವರ್ಷದ ಯುದ್ಧಕ್ಕೆ ಮೂರೇ ಮಾತು, ನನ್ನ ಕಾಲಿಗೆ ಮೈಲಿಯುದ್ದದ ಸಾಲಾ?

ಲೋರೋ: ಯುದ್ಧದ ವಿಷಯ ಇನ್ನೂ ಯಾರೂ ಒಪ್ಪಿ ಸಹಿ ಹಾಕಿಲ್ಲ. ನಿನ್ನ ಕಾಲಿನ ವಿಷಯ ಊರೆಲ್ಲ ಒಪ್ಪಿದೆ. ಹತ್ತು, ದೇಶ ಹುಟ್ಟಿದ್ದು. ಹನ್ನೊಂದು, ಈಗಿನ ಅಧ್ಯಕ್ಷರು. ಹನ್ನೆರಡು, ಬಣ್ಣ ಬಳಿಯೋನ ಫೋನ್ ನಂಬರು.

ಪಿತಿಯಾ: ಅವನ್ದು ಯಾಕೆ?

ಲೋರೋ: ಬಣ್ಣ ಅವನ್ದು.

ಪಿತಿಯಾ ಚಹದ ಲೋಟವನ್ನು ಕೆಳಗಿಟ್ಟ. ಅವನ ದನಿ ಸಣ್ಣದಾಯಿತು.

ಪಿತಿಯಾ: ಲೋರೋ, ಐವತ್ತು ವರ್ಷದಿಂದ ಈ ಊರು ನನ್ನನ್ನ ‘ಹೆಬ್ಬಾಗಿಲು’ ಅಂತ ಕರೀತಿದೆ. ಮಗಳ ಮದುವೆ ಮಾತಿಗೆ ಬಂದ ಗಂಡಿನ ಕಡೆಯೋರು ‘ಯಾವ ಪಿತಿಯಾ? ಹೆಬ್ಬಾಗಿಲಾ?’ ಅಂತ ನಕ್ಕು, ಹೆಣ್ಣಿಗೆ ಕೊಡೋ ತೆರದಲ್ಲಿ ಎರಡು ಹಸು ಕಮ್ಮಿ ಮಾಡಿದ್ರು. ಬಾಯಲ್ಲಿದ್ದಿದ್ದು ನನ್ನ ಜೊತೆ ಸಾಯುತ್ತೆ ಅನ್ಕೊಂಡಿದ್ದೆ. ನೀನು ಗೋಡೆಗೆ ಹತ್ತಿಸ್ತಿದ್ದೀಯ. ಆ ಗೋಲು ತೆಗೆದುಹಾಕು. ಇಲ್ಲಾಂದ್ರೆ ಸಹಿ ಹಾಕಲ್ಲ.

ಲೋರೋ ಸ್ನೇಹಿತನ ಮುಖ ನೋಡಿದ. ಎಂಟು ಸಭೆ ನಡೆಸಿದವನಿಗೆ ಒಂಬತ್ತನೆಯದನ್ನು ನಡೆಸುವ ತ್ರಾಣವಿರಲಿಲ್ಲ. ಪೆನ್ನು ತೆಗೆದು ಎಂಟನೆಯ ಸಾಲನ್ನು ಹೊಡೆದುಹಾಕಿ ಬೇರೆ ಬರೆದ.

ಲೋರೋ: ತಗೋ. ‘ಎಪ್ಪತ್ತನಾಲ್ಕರ ಪಂದ್ಯ ಗೋಲಿಲ್ಲದೆ ಮುಗಿಯಿತು.’ ಸಹಿ ಹಾಕು.

ಪಿತಿಯಾ: ನನ್ನ ಹೆಸರೆಲ್ಲಿ?

ಲೋರೋ: ಏನೂ ಆಗದ ಪಂದ್ಯಕ್ಕೆ ಹೆಸರು ಯಾಕೆ?

ಪಿತಿಯಾ: ‘ಪಿತಿಯಾ ಚೆಂಡು ಹಿಡಿದ’ ಅಂತ ಬರಿ.

ಲೋರೋ: ಗೋಲ್‌ಕೀಪರ್ ಚೆಂಡು ಹಿಡಿಯೋದು ಚರಿತ್ರೆಯಾ? ನಾಳೆ ಕಿಡೆನ್ ಚಹ ಕಾಯಿಸಿದಳು ಅಂತಾನೂ ಬರೀಬೇಕಾಗುತ್ತೆ. ನೋಡು, ಆ ಪಂದ್ಯದ ಸಾಲೇ ಬೇಡ ಬಿಡು. ಆರನೇ ಉಪಸ್ಥಾಪಕ ಒಬ್ಬ ಬಾಗಿಲು ತಟ್ತಾ ಇದ್ದಾನೆ, ಅವನಿಗೆ ಕೊಡ್ತೀನಿ.

ಇಷ್ಟು ಹೊತ್ತು ಇದ್ದಿಲಿಗೆ ಗಾಳಿ ಬೀಸುತ್ತಿದ್ದ ಕಿಡೆನ್ ಬೀಸಣಿಗೆ ನಿಲ್ಲಿಸಿದಳು.

ಕಿಡೆನ್: ದೊಡ್ಡಪ್ಪಾ, ಹಾಗಾದ್ರೆ ಆ ಕೈ ಇರೋ ಕುರ್ಚಿ ಬಿಟ್ಟು ಬೆಂಚಿಗೆ ಬನ್ನಿ.

ಪಿತಿಯಾ: ಯಾಕೆ ತಾಯಿ? ಹದಿನೈದು ವರ್ಷದಿಂದ ಇದು ನನ್ನ ಕುರ್ಚಿ.

ಕಿಡೆನ್: ನಿಮ್ದಲ್ಲ, ಹೆಬ್ಬಾಗಿಲಿಂದು. ‘ಹೆಬ್ಬಾಗಿಲು ಎಲ್ಲಿ?’ ಅಂತ ಕೇಳ್ಕೊಂಡು ಬಂದೋರು ನಿಮ್ಮ ಮುಖ ನೋಡ್ಕೊಂಡು ಎರಡೆರಡು ಚಹ ಕುಡೀತಾರೆ. ಬರೀ ಪಿತಿಯಾನ ನೋಡೋಕೆ ಯಾರು ಬರ್ತಾರೆ? ನಮ್ಮೋರಲ್ಲಿ ನಾಲ್ಕನೇ ಗಂಡು ಹುಟ್ಟಿದ್ರೆ ಹೆಸರು ಪಿತಿಯಾ ಅಂತಾನೇ. ನಮ್ಮ ಬೀದೀಲೇ ಏಳು ಜನ ಇದ್ದಾರೆ. ಅವರೆಲ್ಲ ಬೆಂಚಿನ ಮೇಲೇ ಕೂರೋದು.

ಪಿತಿಯಾ ಮೈದಾನದ ಕಡೆ ನೋಡಿದ. ಉತ್ತರದ ಗೋಲಿನ ಕಂಬಗಳ ನಡುವೆ ಮೇಕೆಯೊಂದು ಕಟ್ಟೆಗೆ ಹೊರಟ ಹಿರಿಯನಂತೆ ನಿಧಾನವಾಗಿ ದಾಟಿತು. ಅವನ ಕಾಲುಗಳು ತಾವಾಗಿಯೇ ಹತ್ತಿರ ಸರಿದವು. ಮತ್ತೆ, ತಾವಾಗಿಯೇ ಅಗಲವಾದವು.

ಪಿತಿಯಾ: ಲೋರೋ… ಆ ಮಲಕಾಲಿನ ಒಯಾಯ್ ಎಷ್ಟು ಜೋರಾಗಿ ಒದ್ದಿದ್ದ?

ಲೋರೋ: ಜೋರೆಲ್ಲಿ ಬಂತು? ಕೋಳಿಮರಿ ದಾಟಿದ ಹಾಗೆ ಬಂತು.

ಪಿತಿಯಾ: ಸಿಡಿಲಿನ ಹಾಗೆ ಅಂತ ಬರಿ. ಜನರಲ್ ಒಯಾಯ್ ಒದ್ದ ಅಂತ ಬರಿ.

ಲೋರೋ: ಅವನು ಜನರಲ್ ಆಗಿದ್ದು ಆಮೇಲೆ.

ಪಿತಿಯಾ: ಈ ದೇಶದಲ್ಲಿ ಆಮೇಲೆ ಯಾರು ತಾನೇ ಆಗ್ಲಿಲ್ಲ? ಬರಿ. ಗೋಲು ಹೋಯ್ತು ಅಂತ ಸಹಿ ಹಾಕ್ತೀನಿ.

ಲೋರೋ: ಈಗ ತಾನೇ ಹೋಗಿರ್ಲಿಲ್ಲ ಅಂದ್ಯಲ್ಲೋ!

ಪಿತಿಯಾ: ಐವತ್ತು ವರ್ಷ ಹೋರಾಡಿದ್ದೀನಿ. ಇದು ಶಾಂತಿ ಒಪ್ಪಂದ. ನನ್ನ ಹೆಸರು ಮಾತ್ರ ಕೆಂಪು ಬಣ್ಣದಲ್ಲಿರಲಿ.

ಗೋಡೆ ಬರೆದಾಯಿತು. ಎಂಟನೆಯ ಸಾಲು ಬೆಳೆದೂ ಬೆಳೆದೂ ಒಂಬತ್ತನೆಯದನ್ನು ತಳ್ಳಿ, ಯುದ್ಧವು ಮೂಲೆಯಲ್ಲಿ ಸಣ್ಣಕ್ಷರಕ್ಕಿಳಿಯಿತು. ಕಾರ್ಯದರ್ಶಿಯ ಹೆಸರು ಎಲ್ಲೂ ಇಲ್ಲವೆಂಬುದು ಲೋರೋನಿಗೆ ಹೊಳೆದದ್ದು ಬಣ್ಣ ಒಣಗಿದ ಮೇಲೆ.

ಈಗ ಪಿತಿಯಾ ಸಂಜೆಯೆಲ್ಲ ತನ್ನ ಕುರ್ಚಿಯನ್ನು ಆ ಗೋಡೆಯ ಕೆಳಗೆ ಹಾಕಿಸಿಕೊಂಡು ಕೂರುತ್ತಾನೆ. ಬಂದವರಿಗೆಲ್ಲ ಗೋಲಿನ ಕಥೆ ಹೇಳುತ್ತಾನೆ. ಮೊದಲ ತಿಂಗಳು ಒಯಾಯ್ ಹತ್ತು ಹೆಜ್ಜೆ ದೂರದಿಂದ ಒದೆಯುತ್ತಿದ್ದ. ಈಗ ನಲವತ್ತು ಹೆಜ್ಜೆಗೆ ಹೋಗಿದ್ದಾನೆ, ಚೆಂಡಿನ ಬಿಸಿಗೆ ಹುಲ್ಲು ಸುಡುತ್ತದೆ. ಪಕ್ಕದ ಬೆಂಚಿನಲ್ಲಿ ಕೂತ ಲೋರೋ ಮಾತ್ರ ಅಷ್ಟೂ ಹೊತ್ತು ತಲೆ ಅಲ್ಲಾಡಿಸುತ್ತಿರುತ್ತಾನೆ.

ಲೋರೋ: ಸುಳ್ಳು. ಹೋಗಿರ್ಲಿಲ್ಲ.

ಪಿತಿಯಾ: ಹೋಗಿತ್ತು ಕಣಯ್ಯಾ! ಗೋಡೆ ಓದೋಕೆ ಬರಲ್ವಾ?

ಲೋರೋ: ಬರೆಸಿದೋನು ನಾನೇ ಕಣೋ!

ಪಿತಿಯಾ: ಹೌದಾ? ಎಲ್ಲಿದೆ ನಿನ್ನ ಹೆಸರು, ತೋರಿಸು.