ಚರ್ಚಿನ ಹಿಂದಿನ ಅಜ್ಜಿ ಹೋಟೆಲು

ಎಲ್ಲ ಶುರುವಾಗಿದ್ದು ಒಂದು ಆಲೂಗಡ್ಡೆಯಿಂದ. ಅದೂ ಯಾರೂ ಬೇಯಿಸದ, ಯಾರೂ ತಿನ್ನದ ಆಲೂಗಡ್ಡೆ.

ಕೊರೊನಾ ಬರುವುದಕ್ಕೆ ಒಂದು ವರ್ಷ ಮೊದಲು ಐರ್ಲೆಂಡಿನಲ್ಲಿದ್ದ ಜಯರಾಮನನ್ನು ಅವನ ಸಿಟಿವೆಸ್ಟ್ ಆಫೀಸಿನವರು ಐದು ದಿನದ ತರಬೇತಿಗೆಂದು ಫ್ರಾನ್ಸಿಗೆ ಕಳಿಸಿದ್ದರು. ಆಲ್ಪ್ಸ್ ಬೆಟ್ಟಗಳ ನಡುವಿನ ಒಂದು ಪುಟ್ಟ ಊರು. ಅಲ್ಲಿ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆ. ಕೀಲುನೋವಿನವರು ದೂರದೂರದಿಂದ ಬಂದು ಅದರಲ್ಲಿ ಮುಳುಗಿ ಕೂರುತ್ತಾರೆ. ಹೊರಡುವ ಹಿಂದಿನ ದಿನ ಹೆಂಡತಿ ಅನಸೂಯಾ ಪೆಟ್ಟಿಗೆಯಲ್ಲಿ ಅಕ್ಕಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ಒಂದು ಪುಟಾಣಿ ರೈಸ್ ಕುಕ್ಕರ್ ಎಲ್ಲವನ್ನೂ ಇಟ್ಟು, "ಇದು ತೀರಾ ಕಷ್ಟ ಆದ್ರೆ ಮಾತ್ರ. ಇಲ್ದಿದ್ರೆ ನಾಲ್ಕು ಜನರ ಹಾಗೆ ಹೊರಗೆ ಹೋಗಿ ಊಟ ಮಾಡಿ. ಎಲ್ಲಿ ಏನು ಚೆನ್ನಾಗಿತ್ತು ಅಂತ ಬಂದು ಹೇಳ್ಬೇಕು" ಎಂದು ಕಟ್ಟಪ್ಪಣೆ ಮಾಡಿದ್ದಳು.

ಮೊದಲ ದಿನವೇ ತೀರಾ ಕಷ್ಟ ಆಯಿತು. ಹೋಟೆಲಿನ ಮೆನುವಿನಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಟೇಬಲ್ಲಿಗೆ ಹೋಗುತ್ತಿದ್ದ ತಟ್ಟೆಯೊಳಗಿಂದ ಯಾವುದೋ ಪ್ರಾಣಿ ಜಯರಾಮನನ್ನೇ ನೋಡಿತು. ಮಗ್ಗಿ ಮರೆತ ಹುಡುಗ ಮೇಷ್ಟರನ್ನು ಕಂಡು ಜಾರಿಕೊಳ್ಳುವಂತೆ ಅವನು ಅಲ್ಲಿಂದ ಜಾರಿಕೊಂಡ. ಮಿಕ್ಕ ದಿನಗಳೆಲ್ಲ ಕೋಣೆಯ ಬಾಗಿಲ ಸಂದಿಗೆ ಟವೆಲ್ ತುರುಕಿ, ಒಗ್ಗರಣೆ ವಾಸನೆ ಹೊರಗೆ ಹೋಗದ ಹಾಗೆ ನೋಡಿಕೊಂಡು, ಕುಕ್ಕರಿನ ಅನ್ನಕ್ಕೆ ಗೊಜ್ಜು ಕಲಸಿ ತಿಂದ.

ವಾಪಸು ಬಂದ ದಿನ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಕಾರಿನಲ್ಲಿ ಅನಸೂಯಾ, "ಎಲ್ಲಿ ಊಟ ಮಾಡಿದ್ರಿ?" ಎಂದು ಕೇಳಿದಳು. ಅವಳ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ಜಯರಾಮನ ಬಾಯಿ ಅವನ ಅಪ್ಪಣೆಗೂ ಕಾಯದೆ ಹೇಳಿಬಿಟ್ಟಿತು: "ಚರ್ಚ್ ಹಿಂದೆ ಒಂದು ಅಜ್ಜಿ ಹೋಟೆಲ್ ಇದೆ ಕಣೇ. ಆಲೂಗಡ್ಡೆ ಬೇಯಿಸಿ ಮೇಲೆ ಚೀಸ್ ಕರಗಿಸಿ ಕೊಡ್ತಾರೆ. ಸ್ವರ್ಗ!"

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದವಳು, "ಮತ್ತೆ ಗೊಜ್ಜಿನ ಡಬ್ಬಿ ಖಾಲಿ ಇದೆಯಲ್ಲ?" ಎಂದಳು.

"ಅಜ್ಜಿಗೆ ಕೊಟ್ಟುಬಿಟ್ಟೆ. ಬೆರಳು ಚೀಪಿಕೊಂಡು ತಿಂದ್ರು."

ತನ್ನ ಗೊಜ್ಜು ಫ್ರಾನ್ಸಿನಲ್ಲಿ ಗೆದ್ದು ಬಂದ ಸುದ್ದಿಯನ್ನು ಅನಸೂಯಾ ಕನ್ನಡ ಕೂಟದ ಯುಗಾದಿಯಲ್ಲಿ ಎಲ್ಲರಿಗೂ ಹೇಳಿದಳು. ಆಮೇಲೆ ಅಜ್ಜಿ ಬೆಳೆದಳು. ಒಂದು ಕೂಟದಲ್ಲಿ ಅವಳಿಗೆ ಎಂಬತ್ತೆರಡು ವಯಸ್ಸಾಯಿತು, ಮತ್ತೊಂದರಲ್ಲಿ ನೀಲಿ ಏಪ್ರನ್ ಬಂತು, ಮುಂದಿನದರಲ್ಲಿ ಮಂಡಿನೋವು ಬಂತು. ಅತಿಥಿಗಳು ಹೊರಟಾಗ ಅವಳು ಬಾಗಿಲಿಗೆ ಬಂದು ನಿಂತು, ಅವರು ತಿರುವು ದಾಟುವವರೆಗೂ ಕೈ ಬೀಸುತ್ತಿದ್ದಳಂತೆ.

ಎರಡು ವರ್ಷ ಕಳೆದು, ಫೆಬ್ರವರಿಯ ಒಂದು ಭಾನುವಾರ. ಲಾಕ್‌ಡೌನಿನಿಂದಾಗಿ ಯಾರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಕನ್ನಡ ಕೂಟದ ಕಾರ್ಯದರ್ಶಿ ವೆಂಕಟೇಶಮೂರ್ತಿಯವರು ಜನರ ಬೇಸರ ನೋಡಲಾಗದೆ ಝೂಮಿನಲ್ಲಿ 'ಕೂತಲ್ಲೇ ಪ್ರವಾಸ' ಎಂಬ ಕಾರ್ಯಕ್ರಮ ನಡೆಸುತ್ತಿದ್ದರು. ಆ ವಾರದ ವಾಟ್ಸಾಪ್ ಪೋಸ್ಟರಿನಲ್ಲಿ ಜಯರಾಮನ ಪಾಸ್‌ಪೋರ್ಟ್ ಫೋಟೊ, ಅದರ ಕೆಳಗೆ: 'ಆಲ್ಪ್ಸ್ ಬಿಸಿನೀರಿನೂರಿನಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು? ಸಂಜೆ ನಾಲ್ಕಕ್ಕೆ. ಅಜ್ಜಿ ಹೋಟೆಲಿನ ಕತೆಯೂ ಉಂಟು!'

ಬೆಳಿಗ್ಗೆ ಹತ್ತಕ್ಕೆ ಬೆಲ್ ಆಯಿತು. ಕ್ಲಾಂಡಾಲ್ಕಿನ್‌ನಲ್ಲಿ ಜಯರಾಮನದೇ ಬೀದಿಯ ಕೊನೆಯ ಮನೆಯ ನಾಗಮಣಿಯಮ್ಮ ಬೆಲ್ ಒತ್ತಿ, ಎರಡು ಮೀಟರ್ ಹಿಂದೆ ಸರಿದು, ಮಾಸ್ಕ್ ಹಾಕಿಕೊಂಡು ನಿಂತಿದ್ದರು. ಮಗಳ ಬಾಣಂತನಕ್ಕೆಂದು ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ಹೋದ ಮಳೆಗಾಲದಲ್ಲಿ ತುಮಕೂರಿನಲ್ಲಿ ಅವರ ಅಕ್ಕ ತೀರಿಕೊಂಡಾಗ ಮುಖ ನೋಡಿದ್ದು ಫೋನಿನಲ್ಲೇ.

ಮೆಟ್ಟಿಲ ಮೇಲೆ ಒಂದು ಚೀಲ ಇಟ್ಟಿದ್ದರು. ಒಳಗೆ ನೇರಳೆ ಬಣ್ಣದ ಉಣ್ಣೆಯ ಶಾಲು.

"ನಿಮ್ಮ ಫ್ರಾನ್ಸ್ ಅಜ್ಜಿಗೆ ಹೆಣೆದೆ ಜಯರಾಮ. ಆ ಚಳೀಲಿ ಪಾಪ ಒಬ್ಬರೇ ಕೂತಿರ್ತಾರೆ. ಹೋಟ್ಲಿಗೂ ಯಾರೂ ಬರಲ್ಲವೇನೋ ಈಗ. ನಾಳೆ ಪೋಸ್ಟ್ ಮಾಡ್ಬೇಕು, ಒಂಚೂರು ಅಡ್ರೆಸ್ ಬರೆದುಕೊಡಿ."

"ಅಡ್ರೆಸ್ಸಾ... ಹುಡುಕಿ ಕೊಡ್ತೀನಮ್ಮ."

"ಸಂಜೆ ಝೂಮಲ್ಲೇ ಹೇಳಿ. ನಾನು ಪೆನ್ನು ಹಿಡ್ಕೊಂಡು ಕೂತಿರ್ತೀನಿ. ಅಂದ್ಹಾಗೆ ಅಜ್ಜಿ ದಪ್ಪನೋ, ಸಣ್ಣನೋ? ಅಳತೆ ಅಂದಾಜಲ್ಲಿ ಹೆಣೆದಿದೀನಿ."

"ಮಧ್ಯಮ," ಎಂದ ಜಯರಾಮ.

ಚೀಲ ಒಳಗೆ ತರುವಷ್ಟರಲ್ಲಿ ವೆಂಕಟೇಶಮೂರ್ತಿಯವರ ಫೋನು.

"ಜಯರಾಮ್, ಅರವತ್ತು ಜನ ಹೆಸರು ಕೊಟ್ಟಿದ್ದಾರೆ ಕಣ್ರೀ! ಇನ್ನೊಂದು ಸಿಹಿ ಸುದ್ದಿ. ನಮ್ಮ ಕಾರ್ಕ್ ಊರಿನ ಡಾಕ್ಟರ್ ವಿನ್ಸೆಂಟ್ ಇಲ್ವಾ, ಅವರೂ ಅದೇ ಊರಿಗೆ ಹೋಗಿದ್ರಂತೆ. ನೀವು ಬಂದ ಆರು ತಿಂಗಳಿಗೆ. ಮಂಡಿ ಚಿಕಿತ್ಸೆಗೆ ಮೂರು ವಾರ ಇದ್ರಂತೆ! ಅವರೂ ಬರ್ತಾರೆ ಇವತ್ತು. ನೀವು ಏನಾದ್ರೂ ಮರೆತ್ರೆ ಅವರು ಸರಿ ಮಾಡ್ತಾರೆ. ಗ್ರ್ಯಾಂಡ್ ಆಯ್ತಲ್ಲ?"

"ಗ್ರ್ಯಾಂಡ್," ಎಂದು ಜಯರಾಮ ಗೋಡೆಗೆ ಒರಗಿದ.

ಐದು ದಿನ ಇದ್ದವನ ಸುಳ್ಳನ್ನು ಮೂರು ವಾರ ಇದ್ದವನು ಮೂರು ನಿಮಿಷದಲ್ಲಿ ಬಯಲು ಮಾಡುತ್ತಾನೆ. ಅರವತ್ತು ಮನೆಗಳ ಮುಂದೆ ತಾನು ಸುಳ್ಳುಗಾರ. ಅನಸೂಯಳ ಗೊಜ್ಜಿನ ಕೀರ್ತಿ ಮಣ್ಣುಪಾಲು. ನಾಗಮಣಿಯಮ್ಮ ಪೆನ್ನು ಹಿಡಿದು ಕೂತೇ ಇರುತ್ತಾರೆ. ಯೋಚಿಸುತ್ತ ಯೋಚಿಸುತ್ತ ಅವನಿಗೆ ಒಂದೇ ದಾರಿ ಕಂಡಿತು. ಅಜ್ಜಿ ಸಾಯಬೇಕು. ಸತ್ತವರಿಗೆ ವಿಳಾಸ ಬೇಕಿಲ್ಲ. ಸತ್ತವರ ಹೋಟೆಲು ಅಲ್ಲಿತ್ತೇ, ಇಲ್ಲಿತ್ತೇ ಎಂದು ವಾದ ಮಾಡುವಷ್ಟು ಒರಟ ಯಾರಿದ್ದಾರೆ?

ಅಂಥ ಸುದ್ದಿಯನ್ನು ಹೇಳುವ ಅಭ್ಯಾಸ ಬೇಕಲ್ಲ. ಕಸದ ಬಿನ್ ಹೊರಗಿಡುವ ನೆಪದಲ್ಲಿ ಅಂಗಳಕ್ಕೆ ಹೋದ. ಪಕ್ಕದ ಮನೆಯ ಐರಿಷ್ ಮುದುಕಿ ಬ್ರೀಡಾ ಗಿಡಗಳ ಬೇಲಿ ಕತ್ತರಿಸುತ್ತ ಆಚೆಯಿಂದ ಎಂದಿನಂತೆ, ನಿನ್ನ ಫ್ರೆಂಚ್ ಅಜ್ಜಿ ಹೇಗಿದ್ದಾಳಪ್ಪ ಎಂದು ವಿಚಾರಿಸಿದರು. ಜಯರಾಮ ಮುಖ ಸಣ್ಣದು ಮಾಡಿ, ಹೋಗಿಬಿಟ್ಟರು ಎಂದ. ಬ್ರೀಡಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕತ್ತರಿ ಅಲ್ಲೇ ಬಿಟ್ಟು ಒಳಗೆ ಹೋದರು.

ಅಭ್ಯಾಸ ಚೆನ್ನಾಗಿಯೇ ಆಯಿತು ಎಂದುಕೊಂಡು ಒಂದು ಗಂಟೆಯಾಗುವಷ್ಟರಲ್ಲಿ ಮತ್ತೆ ಬೆಲ್ ಆಯಿತು. ಬಾಗಿಲು ತೆರೆದವಳು ಅನಸೂಯಾ. ಮೆಟ್ಟಿಲ ಮೇಲೆ ಬಿಸಿ ಬಿಸಿ ಆ್ಯಪಲ್ ಟಾರ್ಟ್, ಪಕ್ಕದಲ್ಲಿ ಒಂದು ಮಾಸ್ ಕಾರ್ಡ್. ಸತ್ತವರ ಆತ್ಮಕ್ಕಾಗಿ ಚರ್ಚಿನಲ್ಲಿ ಪೂಜೆ ಮಾಡಿಸುತ್ತೇವೆ ಎಂದು ಬರೆದುಕೊಡುವ ಕಾರ್ಡು ಅದು. ಬ್ರೀಡಾರ ಡ್ರಾಯರಿನಲ್ಲಿ ಸದಾ ನಾಲ್ಕೈದು ಸಿದ್ಧವಿರುತ್ತಿದ್ದವು.

ಅನಸೂಯಾ ಕಾರ್ಡು ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಏನ್ರೀ ಇದು? ಅಜ್ಜಿ ಹೋಗ್ಬಿಟ್ರಾ? ಯಾವಾಗ? ನನಗ್ಯಾಕೆ ಹೇಳ್ಲಿಲ್ಲ?"

"ಅದು... ಬೆಳಿಗ್ಗೆ ಇಮೇಲ್ ಬಂತು."

"ನಾಗಮಣಿಯಮ್ಮನಿಗೆ ಹೇಗ್ರೀ ಹೇಳೋದು? ಅಕ್ಕ ಹೋಗಿ ಆರು ತಿಂಗಳಾಗಿಲ್ಲ. ಶಾಲು ಹೆಣೆಯೋವಾಗ ಅಕ್ಕನ್ನೇ ನೆನೆಸ್ಕೋತಿದ್ರಂತೆ." ಅವಳ ಕಣ್ಣಿನಿಂದ ನೀರು ಇಳಿಯಿತು.

ಜಯರಾಮ ಕಲ್ಲಲ್ಲ. ಹೆಂಡತಿಯ ಕಣ್ಣೀರು ನೋಡಿದ ಕೂಡಲೇ ಅಜ್ಜಿಯನ್ನು ಬದುಕಿಸಿದ. "ಅಯ್ಯೋ, ಅಜ್ಜಿ ಅಲ್ಲ ಕಣೇ! ಅಜ್ಜಿಯ ಬೆಕ್ಕು. ಬ್ರೀಡಾಗೆ ಸರಿಯಾಗಿ ಅರ್ಥ ಆಗ್ಲಿಲ್ಲ."

"ಬೆಕ್ಕಾ?" ಅನಸೂಯಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬೆಕ್ಕು ಸತ್ತಿದ್ದಕ್ಕೆ ಇಮೇಲ್ ಮಾಡ್ತಾರಾ?"

"ಅಲ್ಲಿ ಹಾಗೇ."

ಅನಸೂಯಾ ಬೇಲಿಯ ಹತ್ತಿರ ಹೋಗಿ ವಿಷಯ ತಿಳಿಸಿ ಬಂದಳು. ಬ್ರೀಡಾ ಒಂದು ಕ್ಷಣ ಯೋಚಿಸಿ, ಒಳ್ಳೆಯ ಬೆಕ್ಕೇ ಇದ್ದಿರಬೇಕು, ಪ್ರಾರ್ಥನೆ ಎಂದೂ ವ್ಯರ್ಥವಾಗುವುದಿಲ್ಲ ಎಂದರಂತೆ. ಟಾರ್ಟ್ ವಾಪಸು ತೆಗೆದುಕೊಳ್ಳಲಿಲ್ಲ.

ನಾಲ್ಕು ಗಂಟೆಯಾಯಿತು. ಮಗಳು ಶರ್ವಾಣಿ ಲ್ಯಾಪ್‌ಟಾಪ್ ಸರಿಯಾಗಿಟ್ಟು, ಅಪ್ಪನ ಬೆವರಿದ ಹಣೆ ನೋಡಿ, "ಡ್ಯಾಡ್, ಯು ಆರ್ ಗ್ರ್ಯಾಂಡ್. ಜಸ್ಟ್ ಟೆಲ್ ದೆಮ್ ಅಬೌಟ್ ದ ಗ್ರ್ಯಾನಿ" ಎಂದು ಬೆನ್ನು ತಟ್ಟಿದಳು. ಪರದೆಯ ತುಂಬ ಪಾರಿವಾಳದ ಗೂಡುಗಳಂತೆ ಮುಖಗಳು. ಒಂದು ಗೂಡಿನಲ್ಲಿ ಡಾಕ್ಟರ್ ವಿನ್ಸೆಂಟ್, ಪಕ್ಕದಲ್ಲಿ ಅವರ ಹೆಂಡತಿ ಜೆಸ್ಸಿಕಾ. ಇನ್ನೊಂದರಲ್ಲಿ ಪೆನ್ನು ಹಿಡಿದ ನಾಗಮಣಿಯಮ್ಮ.

ಜಯರಾಮ ಕುಡಿಯುವ ವಿಷಯದಿಂದ ಶುರು ಮಾಡಿದ, ಯಾಕೆಂದರೆ ಅವನಿಗೆ ನಿಜವಾಗಿ ಗೊತ್ತಿದ್ದುದು ಅದೊಂದೇ. ಊರ ನಡುವಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಯಾರು ಬೇಕಾದರೂ ಲೋಟ ಹಿಡಿಯಬಹುದು, ಕೊಳೆತ ಮೊಟ್ಟೆಯ ವಾಸನೆ, ಮೂಗು ಮುಚ್ಚಿಕೊಂಡು ಕುಡಿದರೆ ಹೊಟ್ಟೆಗೆ ಒಳ್ಳೆಯದು. ಇದನ್ನೇ ಇಪ್ಪತ್ತು ನಿಮಿಷ ಎಳೆದ.

"ನೀರು ಸಾಕು ಜಯರಾಮ್, ಹಸಿವಾಗ್ತಿದೆ! ಅಜ್ಜಿ ಹೋಟ್ಲಿಗೆ ಕರ್ಕೊಂಡು ಹೋಗಿ," ಎಂದರು ವೆಂಕಟೇಶಮೂರ್ತಿ. "ಡಾಕ್ಟ್ರೇ, ಅನ್‌ಮ್ಯೂಟ್ ಮಾಡ್ಕೊಳ್ಳಿ. ನೀವೂ ನೋಡಿದ್ರಾ ಆ ಹೋಟೆಲ್ನ?"

ಡಾಕ್ಟರ ತುಟಿ ಅಲುಗಿತು, ಸದ್ದು ಬರಲಿಲ್ಲ. "ಮ್ಯೂಟ್ ಡಾಕ್ಟ್ರೇ, ಮ್ಯೂಟ್!" ಎಂದು ಅರವತ್ತು ಜನ ಕೂಗಿದರು. ಜಯರಾಮ ಮಾತ್ರ, ದೇವರೇ, ಆ ಗುಂಡಿ ಕೆಟ್ಟುಹೋಗಲಿ ಎಂದು ಬೇಡಿಕೊಂಡ. ಜೆಸ್ಸಿಕಾ ಕೈ ಚಾಚಿ ಗುಂಡಿ ಒತ್ತಿದರು.

"ನೋಡದೆ ಎಂತ ಮಾರಾಯ್ರೇ?" ಎಂದಿತು ಡಾಕ್ಟರ ದನಿ. "ಚರ್ಚಿನ ಹಿಂದೆ. ಮೂರು ವಾರ ನಾನು ಅಲ್ಲಿಯೇ ಉಂಡದ್ದು. ಚೀಸ್ ಹಾಕಿದ ಬಟಾಟೆ... ಆಹಾ! ಅಜ್ಜಿ ಕೇಳಿದರು, ಐರ್ಲೆಂಡಿನ ಜಯರಾಮ ಹೇಗಿದ್ದಾನೆ ಅಂತ."

ಜಯರಾಮನಿಗೆ ಒಂದು ಕ್ಷಣ, ತಾನೇ ಹೋಗಿ ಉಂಡು ಮರೆತಿರಬಹುದೇ ಎಂದು ಅನುಮಾನ ಬಂತು.

"ಗೊಜ್ಜಿನ ವಿಷಯ ಏನಾದ್ರೂ ಹೇಳಿದ್ರಾ?" ಎಂದು ಅನಸೂಯಾ ಹಿಂದಿನಿಂದ ಕತ್ತು ಚಾಚಿದಳು.

"ಎರಡು ಸಲ ಕೇಳಿದರು," ಎಂದರು ಡಾಕ್ಟರು.

ಚಪ್ಪಾಳೆಯೋ ಚಪ್ಪಾಳೆ. ನಾಗಮಣಿಯಮ್ಮ ವಿಳಾಸ ಕೇಳಿದಾಗ ಡಾಕ್ಟರೇ, "ಆ ಬೀದಿಗೆ ಹೆಸರು ನಾನು ನೋಡಲಿಲ್ಲ ಅಮ್ಮಾ. ಪೋಸ್ಟಿನಲ್ಲಿ ಕಳೆದುಹೋದೀತು. ದಾರಿ ತೆರೆಯಲಿ, ಕೈಯಲ್ಲೇ ಕೊಡುವ" ಎಂದು ಉಳಿಸಿದರು. ಜಯರಾಮ ಲ್ಯಾಪ್‌ಟಾಪ್ ಮುಚ್ಚುವಾಗ ಅವನ ಕೈ ಹತ್ತಿಯಷ್ಟು ಹಗುರವಾಗಿತ್ತು.

ಹತ್ತು ನಿಮಿಷಕ್ಕೆ ಡಾಕ್ಟರ ಫೋನು ಬಂತು. ಅವರು ಪಿಸುಗುಟ್ಟುತ್ತಿದ್ದರು.

"ಜಯರಾಮ್, ಕಾರಿನಲ್ಲಿ ಕೂತು ಮಾತಾಡುತ್ತಿದ್ದೇನೆ, ಜೆಸ್ಸಿಕಾಗೆ ಕೇಳಬಾರದು. ಒಂದು ತಪ್ಪೊಪ್ಪಿಗೆ ಉಂಟು. ನಾನು ಅಜ್ಜಿಯ ಹೋಟೆಲಿನಲ್ಲಿ ಉಣ್ಣಲಿಲ್ಲ."

"ಅಂದ್ರೆ?"

"ಮೊದಲ ದಿನ ಒಂದು ಕಡೆ ಅನ್ನ ಕೇಳಿದೆ ಮಾರಾಯ್ರೇ. ಹಾಲು ಸಕ್ಕರೆ ಹಾಕಿ ತಂದಿಟ್ಟರು. ಆಮೇಲೆ ಮೂರು ವಾರ ಕೋಣೆಯಲ್ಲೇ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಜೆಸ್ಸಿಕಾಗೆ ಗೊತ್ತಾದರೆ ಬಿಡುತ್ತಾಳಾ? ಯುಗಾದಿಗೆ ನಿಮ್ಮ ಮನೆಯವರು ಅಜ್ಜಿಯ ಕತೆ ಹೇಳಿದ್ದರಲ್ಲ, ಅದನ್ನೇ ಅವಳಿಗೆ ಹೇಳಿಬಿಟ್ಟೆ. ಇವತ್ತು ಪಕ್ಕದಲ್ಲೇ ಕೂತಿದ್ದಳು, ನಾನು ಏನು ಮಾಡಲಿ?"

ಜಯರಾಮನಿಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಎರಡು ವರ್ಷದಲ್ಲಿ ಮೊದಲ ಸಲ ನಿಜ ಹೇಳಲು ಒಬ್ಬ ಜೊತೆಗಾರ ಸಿಕ್ಕಿದ್ದ. "ಡಾಕ್ಟ್ರೇ, ನಾನೂ ಒಂದು ಮಾತು..." ಎಂದು ಶುರು ಮಾಡಿದ.

"ಕೇಳಿ, ಕೇಳಿ. ನಾನು ಹುಡುಕದೆ ಇರಲಿಲ್ಲ. ಚರ್ಚಿನ ಹಿಂದೆ ಮೂರು ಸಲ ಹೋದೆ. ಬಾಗಿಲು ಮುಚ್ಚಿದ ಒಂದು ಮನೆ ಇತ್ತು. ಅಜ್ಜಿ ಮಗಳ ಮನೆಗೆ ಹೋಗಿರಬೇಕು ಅಂತ ವಾಪಸು ಬಂದೆ. ಈ ಒಂದು ವರ್ಷ ಕೊರೊನಾ ವಾರ್ಡು ಹೇಗಿತ್ತು ಅಂತ ಹೇಳಲಿಕ್ಕೆ ಆಗುವುದಿಲ್ಲ ಜಯರಾಮ್. ಡ್ಯೂಟಿ ಮುಗಿಸಿ ಕಾರಿನಲ್ಲಿ ಕೂತಾಗ ನಾನು ಆ ಅಜ್ಜಿಯನ್ನು ನೆನೆಸುತ್ತಿದ್ದೆ. ಬಾಗಿಲಿಗೆ ಬಂದು ಕೈ ಬೀಸುತ್ತಾರಂತಲ್ಲ, ಅದನ್ನು. ಎಲ್ಲ ಮುಗಿದ ಮೇಲೆ ಒಂದು ದಿನ ಅಲ್ಲಿ ಕೂತು ಉಣ್ಣಬೇಕು ಅಂತ. ಬಟಾಟೆ ನಿಜವಾಗಿಯೂ ಅಷ್ಟು ರುಚಿಯಾ?"

ಜಯರಾಮ ಕಿಟಕಿಯಾಚೆ ನೋಡಿದ. ಬ್ರೀಡಾ ಬೇಲಿಯ ಹತ್ತಿರ ಕತ್ತರಿ ಹುಡುಕುತ್ತಿದ್ದರು.

"ರುಚಿ ಡಾಕ್ಟ್ರೇ," ಎಂದ. "ಬಾಯಲ್ಲಿಟ್ರೆ ಕರಗುತ್ತೆ."

"ಅಷ್ಟು ಸಾಕು. ಈಗ ನಿಶ್ಚಿಂತೆ. ವೆಂಕಟೇಶಮೂರ್ತಿಗೆ ಈಗಲೇ ಹೇಳುತ್ತೇನೆ."

"ಏನಂತ?" ಎನ್ನುವಷ್ಟರಲ್ಲಿ ಫೋನು ನಿಂತಿತ್ತು.

ಟೀ ಕುದಿಯುವ ಮೊದಲೇ ಕೂಟದ ಗುಂಪಿನಲ್ಲಿ ಸಂದೇಶ ಬಂತು: 'ವಿಮಾನ ಶುರುವಾದ ಕೂಡಲೇ ಆಲ್ಪ್ಸ್ ಪ್ರವಾಸ! ಈಗಾಗಲೇ ಮೂವತ್ತನಾಲ್ಕು ಹೆಸರು. ಮೊದಲ ಹೆಸರು ಶ್ರೀಮತಿ ನಾಗಮಣಿ. ಆರೋಗ್ಯದ ಹೊಣೆ: ಡಾ. ವಿನ್ಸೆಂಟ್. ಅಷ್ಟೂ ದಿನದ ಊಟ ಅಜ್ಜಿ ಹೋಟೆಲಿನಲ್ಲೇ. ಅಜ್ಜಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಸುವ ಹೊಣೆ: ಶ್ರೀ ಜಯರಾಮ.'